ಟೀಚರಮ್ಮನ ಮದರ್‌ಬೋರ್ಡಿನ ಮುಚ್ಚಳ

ಪೇಟೆಯವರೆಲ್ಲ ‘ಮುಚ್ಚಳ’ ಎಂದು ಕರೆಯುವ ನಾನು, ವಯಸ್ಸು 43 ವರ್ಷ, ಉದ್ಯೋಗ ಕಂಪ್ಯೂಟರ್ ರಿಪೇರಿ, ವಾಸ ಹಳೆಯ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಬಲಗಡೆಯ ಮೂರನೇ ಮನೆಯ ಮಹಡಿ, ಇಂದು ದಿನಾಂಕ 11-02-2025, ಮಂಗಳವಾರ, ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ಠಾಣೆಯ ರೈಟರ್ ಕೋಣೆಯಲ್ಲಿ ಕುಳಿತು, ಯಾರ ಒತ್ತಾಯವೂ ಇಲ್ಲದೆ, ಹೊಟ್ಟೆಯಲ್ಲಿ ಹನ್ನೊಂದು ತಿಂಗಳಿಂದ ಇಟ್ಟುಕೊಂಡಿದ್ದನ್ನು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಮೇಲೆ ದೂರು ಕೊಟ್ಟಿರುವವರು ನನ್ನ ಸ್ವಂತ ಅಕ್ಕನ ಗಂಡ, ಅಂದರೆ ಭಾವ. ಪೇಟೆಯ ಮುಖ್ಯ ಬೀದಿಯಲ್ಲಿ ಅವರದು ಕಂಪ್ಯೂಟರ್ ಅಂಗಡಿ. ನಾನು ಸ್ಕ್ರೂಡ್ರೈವರಿನಿಂದ ಹೊಡೆದು ಅವರ ಮೊಣಕೈಗೆ ಗಾಯ ಮಾಡಿದೆನೆಂದು ದೂರಿನಲ್ಲಿದೆ. ಅದು ಸುಳ್ಳು. ನಾನು ಹೇಳುವಾಗ ಭಾವನನ್ನು ‘ಅವನು’ ಎಂದಿದ್ದೇನೆ. ಇದನ್ನು ಟೈಪ್ ಮಾಡುತ್ತಿರುವ ರೈಟರ್ ಅದನ್ನೆಲ್ಲ ‘ಅವರು’ ಎಂದು ತಿದ್ದುತ್ತಿದ್ದಾರೆ. ಕಾಗದದ ಮರ್ಯಾದೆಗೆ ತಿದ್ದಲಿ, ನನ್ನ ಅಭ್ಯಂತರವಿಲ್ಲ. ಆದರೆ ಆ ಮರ್ಯಾದೆ ನಾನು ಕೊಟ್ಟದ್ದಲ್ಲ.

ಸದರಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಹಳೆಯ ಕಂಪ್ಯೂಟರ್ ತಂದವರಿಗೆ ಯಾವ ಪ್ರೊಸೆಸರ್, ಯಾವ ಮದರ್‌ಬೋರ್ಡ್ ಹಾಕಿದರೆ ಕೊಟ್ಟದ್ದಕ್ಕೆ ತಕ್ಕ ಮಾಲು ಸಿಗುತ್ತದೆ ಎಂದು ನೋಡಿ, ಚೀಟಿ ಬರೆದು, ನಾನೇ ಹಾಕಿಕೊಡುತ್ತಿದ್ದೆ. ಹೊಸ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಎನ್ನುತ್ತೇವೆ. ಅದರೊಳಗೆ ಕೂದಲಿನಷ್ಟು ಸಣ್ಣ ಪಿನ್ನುಗಳು ಸಾವಿರಕ್ಕೂ ಹೆಚ್ಚು ಇರುತ್ತವೆ. ಉಗುರು ತಾಗಿದರೂ ಬಗ್ಗುತ್ತವೆ, ಬಗ್ಗಿದರೆ ಬೋರ್ಡು ಸತ್ತಂತೆ. ಅವುಗಳ ಕಾವಲಿಗೆ ಮೇಲೊಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬರುತ್ತದೆ. ಪ್ರೊಸೆಸರ್ ಕೂರಿಸುವಾಗ ಅದನ್ನು ತೆಗೆಯಬೇಕು. ಎಲ್ಲರೂ ಅದನ್ನು ಕಸಕ್ಕೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ಬೋರ್ಡು ಕೆಟ್ಟು ಕಂಪನಿಗೆ ವಾಪಸು ಕಳಿಸುವಾಗ ಮುಚ್ಚಳ ಇಲ್ಲವೆಂದು ಒಮ್ಮೆ ತಿರಸ್ಕಾರವಾಗಿತ್ತು. ಅಂದಿನಿಂದ ಪ್ರತಿ ಮುಚ್ಚಳದ ಒಳಮೈಯಲ್ಲಿ ಬೋರ್ಡಿನ ಸಂಖ್ಯೆ, ತಾರೀಖು, ಗಿರಾಕಿಯ ಗುರುತು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಾ ಬಂದೆ. ಮುಚ್ಚಳ ಎಂಬ ಹೆಸರು ಬಂದದ್ದು ಹಾಗೆ. ಇಟ್ಟವರು ಭಾವನವರೇ, ತಮಾಷೆಗೆ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಮೇಜಿನ ಮೇಲಿನ ಗೋಡೆಗೆ ಹದಿನಾಲ್ಕು ಮೊಳೆ ಹೊಡೆದು ಹದಿನಾಲ್ಕು ಮನೆಗಳ ಕೀಲಿಕೈ ತೂಗುಹಾಕಿದ್ದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯವರು, ಒಂಟಿ ವಯಸ್ಸಾದವರು, ಒಬ್ಬ ದಂತವೈದ್ಯರು, ತಾವು ಇಲ್ಲದಾಗಲೂ ಬಾಗಿಲು ತೆಗೆದು ಕಂಪ್ಯೂಟರ್ ನೋಡಿಕೊಂಡು ಹೋಗು ಎಂದು ಕೊಟ್ಟದ್ದು. ಯಾವ ಮನೆಯಲ್ಲಿ ಏನೆಲ್ಲ ಇತ್ತು ಎಂದು ನನಗೆ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಚಮಚದ ಜಾಗವನ್ನೂ ಬದಲಿಸಿದ್ದಿಲ್ಲ.

ಕಳೆದ ವರ್ಷ ಮಾರ್ಚ್ 4, ಸೋಮವಾರ, ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ ಟೀಚರಮ್ಮ ಅಂಗಡಿಗೆ ಬಂದರು. ಅವರು ಶಾಲೆಯಿಂದ ನಿವೃತ್ತರಾದ ಮೇಲೆ ಹಾಸಿಗೆ ಹಿಡಿದ ಮಕ್ಕಳಿಗಾಗಿ ಮನೆಯಲ್ಲೇ ಗಣಿತದ ಪಾಠಗಳನ್ನು ವಿಡಿಯೊ ಮಾಡಿ ಕಳಿಸುತ್ತಾರೆ. ಇಪ್ಪತ್ತು ನಿಮಿಷದ ಒಂದು ಪಾಠ ಸಿದ್ಧವಾಗಲು ಅವರ ಕಂಪ್ಯೂಟರಿಗೆ ನಾಲ್ಕು ಗಂಟೆ ಬೇಕಾಗುತ್ತಿತ್ತು. “ಭಾಗಾಕಾರ ಕಲಿಸೋಕೆ ಕೂತ್ರೆ ಮಗು ಪದವಿ ಮುಗಿಸ್ಬಿಡತ್ತೆ” ಎಂದು ಅವರೇ ನಕ್ಕರು.

ಭಾವನವರು ಅವರಿಗೆ ಗಾಜಿನ ಕಪಾಟಿನಲ್ಲಿದ್ದ, ಬಣ್ಣದ ದೀಪ ಮಿನುಗುವ ಬೋರ್ಡನ್ನೂ ಎಲ್ಲಕ್ಕಿಂತ ದೊಡ್ಡ ಪ್ರೊಸೆಸರನ್ನೂ ತೋರಿಸಿದರು. ನಾನು ಅಡ್ಡಬಾಯಿ ಹಾಕಿದೆ. ಅತಿ ದೊಡ್ಡದು ಯಾವುದೆಂದು ಕೇಳುವುದಲ್ಲ, ದಿನವಿಡೀ ಅದರಿಂದ ಯಾವ ಕೆಲಸ ಮಾಡಿಸುತ್ತೀರೆಂದು ಯೋಚಿಸಿ ಎಂದು ಹೇಳಿದೆ. ಪಾಠದ ವಿಡಿಯೊ ಮಾಡಲು ಹಿಂದಿನ ವರ್ಷದ ಆರು ಕೋರಿನ, ಅಂದರೆ ಏಕಕಾಲಕ್ಕೆ ಆರು ಕೈಯಿಂದ ಕೆಲಸ ಮಾಡುವ ಪ್ರೊಸೆಸರ್ ಧಾರಾಳ ಸಾಕು, ತುತ್ತತುದಿಯದು ಜಂಬಕ್ಕೆ ಮಾತ್ರ ಎಂದೆ. ಬೋರ್ಡಿನಲ್ಲಿ ಮಾತ್ರ ತೀರಾ ಅಗ್ಗದ್ದಕ್ಕೆ ಹೋಗಬಾರದು, ಏಕೆಂದರೆ ಪ್ರೊಸೆಸರಿಗೆ ಕರೆಂಟು ಹಂಚುವ ಭಾಗ ಬಡಕಲಾಗಿದ್ದರೆ ಅರ್ಧ ಗಂಟೆಗೇ ಬಿಸಿಯಾಗಿ ಇಡೀ ಯಂತ್ರ ಏದುಸಿರು ಬಿಡುತ್ತದೆ ಎಂದೂ, ಮಧ್ಯಮ ಬೋರ್ಡು ಒಂದಿದೆ, ಅದರಲ್ಲಿ ದೀಪವಿಲ್ಲ, ಆದರೆ ರ‍್ಯಾಮಿಗೆ ನಾಲ್ಕು ಜಾಗ ಇದೆ, ಮೂರು ವರ್ಷದ ನಂತರ ಪ್ರೊಸೆಸರ್ ಮಾತ್ರ ಬದಲಿಸಿಕೊಂಡರೆ ಆಯಿತು ಎಂದೂ ಹೇಳಿದೆ. ಹಳೆಯ ಕ್ಯಾಬಿನೆಟ್, ಹಳೆಯ ಡಿಸ್ಕು ಅದೇ ಇರಲಿ ಎಂದು ಚೀಟಿ ಬರೆದುಕೊಟ್ಟೆ. ಆ ತರಹದ ಬೋರ್ಡು ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು. ಟೀಚರಮ್ಮ ನನ್ನ ಚೀಟಿಯ ಪ್ರಕಾರವೇ ಕೊಂಡರು. ಭಾವನವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದು ಬರೆಯಲು ಕಾನೂನಿನಲ್ಲಿ ಜಾಗವಿಲ್ಲವೆಂದು ರೈಟರ್ ಹೇಳುತ್ತಾರೆ.

ಮಾರ್ಚ್ 5, ಮಂಗಳವಾರ, 11 ಗಂಟೆ 15 ನಿಮಿಷದಿಂದ 12 ಗಂಟೆ 50 ನಿಮಿಷದವರೆಗೆ ನಾನು ಆ ಬೋರ್ಡನ್ನೂ ಪ್ರೊಸೆಸರನ್ನೂ ಹಾಕಿದೆ. ಮುಚ್ಚಳದೊಳಗೆ ಸಂಖ್ಯೆ ಬರೆದೆ. ಅದರ ಕೊನೆಯ ಐದು ಅಂಕಿ 40917. ಸಂಜೆ 4ರವರೆಗೆ ಓಡಿಸಿ ನೋಡಿದೆ. ಟೀಚರಮ್ಮ ಕೊಟ್ಟಿದ್ದ ಒಂದು ಪಾಠ ಇಪ್ಪತ್ತೆರಡು ನಿಮಿಷದಲ್ಲಿ ಸಿದ್ಧವಾಯಿತು. ‘ಪರೀಕ್ಷಿಸಿದೆ’ ಎಂದು ಸಹಿ ಮಾಡಿದ ಚೀಟಿಯನ್ನು ಕ್ಯಾಬಿನೆಟ್ಟಿಗೆ ಅಂಟಿಸಿದೆ.

ಮಾರ್ಚ್ 6, ಬುಧವಾರ, ಭಾವನವರು ನನ್ನನ್ನು ಹದಿನೆಂಟು ಕಿಲೋಮೀಟರ್ ದೂರದ ಕಾರ್ಖಾನೆಗೆ ಪ್ರಿಂಟರ್ ರಿಪೇರಿಗೆ ಕಳಿಸಿದರು. ಅಲ್ಲಿ ಎರಡು ದಿನ ಹಿಡಿಯಿತು. ಟೀಚರಮ್ಮ ಬುಧವಾರ ಸಂಜೆ 5ಕ್ಕೆ ಕಂಪ್ಯೂಟರ್ ಒಯ್ದರು. ಚೀಟಿಯ ಮೇಲೆ ನನ್ನ ಸಹಿ ಇದ್ದುದರಿಂದ ಅಂಗಡಿಯಲ್ಲಿ ಹಾಕಿ ತೋರಿಸಿ ಎಂದು ಅವರು ಕೇಳಲಿಲ್ಲ. ನನ್ನ ಸಹಿಗೆ ಅಷ್ಟು ಬೆಲೆ ಇತ್ತು ಎಂಬುದನ್ನು ದಯವಿಟ್ಟು ಬರೆದುಕೊಳ್ಳಬೇಕು.

ಮಾರ್ಚ್ 9, ಶನಿವಾರ, ಬೆಳಗ್ಗೆ 11 ಗಂಟೆಗೆ ಟೀಚರಮ್ಮ ಕಂಪ್ಯೂಟರನ್ನು ಆಟೊದಲ್ಲಿ ವಾಪಸು ತಂದರು. ಅದು ಜೀವ ಹಿಡಿದಿರಲಿಲ್ಲ. ಭಾವನವರು ನನಗೆ ಮುಟ್ಟಲು ಬಿಡದೆ ಎಲ್ಲರೆದುರು ತಾವೇ ಬಿಚ್ಚಿದರು. ಒಳಗೆ ಇದ್ದದ್ದು ನಾನು ಹಾಕಿದ ಬೋರ್ಡಲ್ಲ. ಮೂಲೆ ಸವೆದ, ಗೀರು ಬಿದ್ದ ಹಳೆಯ ಬೋರ್ಡು, ಸಾಕೆಟ್ಟಿನಲ್ಲಿ ಒಂದು ಸಾಲು ಪಿನ್ನು ಬಗ್ಗಿಹೋಗಿತ್ತು. ಇದು ನನ್ನದಲ್ಲ, ಮುಚ್ಚಳದಲ್ಲಿ ಸಂಖ್ಯೆ ಇದೆ, ತಾಳೆ ನೋಡೋಣ ಎಂದು ಹೇಳಿ ಡಬ್ಬಿ ತರಲು ಒಳಗೆ ಹೊರಟೆ.

ಭಾವನವರು ನನ್ನ ಭುಜ ಹಿಡಿದು ಹೊರಗೆ ತಳ್ಳಿದರು. ಅಂಗಡಿಗೆ ಮೂರು ಮೆಟ್ಟಿಲು. ನಾನು ಬೀದಿಯಲ್ಲಿ, ಅವರು ಎರಡನೇ ಮೆಟ್ಟಿಲ ಮೇಲೆ. ಆಗ ಸಮಯ 11 ಗಂಟೆ 20 ನಿಮಿಷ. ಎದುರುಗಡೆಯ ಗಡಿಯಾರ ರಿಪೇರಿಯವರ ಅಂಗಡಿಯಲ್ಲಿ ಗೋಡೆ ತುಂಬ ಗಡಿಯಾರ ಇರುವುದರಿಂದ ಇದರಲ್ಲಿ ಸಂಶಯವಿಲ್ಲ. ಬೀದಿಯಲ್ಲಿ ನಿಂತು ನೋಡುತ್ತಿದ್ದವರು ಒಂಬತ್ತು ಜನ. ಭಾವನವರು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲು ಕೋರುತ್ತೇನೆ: “ಹೆಂಡ್ತಿ ತಮ್ಮ ಅಂತ ಅನ್ನ ಹಾಕಿದ್ದಕ್ಕೆ ಉಂಡ ಮನೆ ಜಂತಿ ಎಣಿಸ್ದ. ಹೊಸ ಬೋರ್ಡು ಕದ್ದು ಗುಜರಿ ಹಾಕಿದಾನೆ. ಇವ್ನು ಕಳ್ಳ. ಎಲ್ರೂ ನೋಡ್ಕೊಳಿ, ಕಳ್ಳ.”

ಆ ಪದವನ್ನು ಅವರು ಎರಡು ಬಾರಿ ಹೇಳಿದರು. ನನ್ನ ಅಕ್ಕ ಗಲ್ಲಾದ ಹತ್ತಿರ ಕುಳಿತು ಮೌಸುಗಳ ಡಬ್ಬಕ್ಕೆ ಬೆಲೆಯ ಚೀಟಿ ಅಂಟಿಸುತ್ತಿದ್ದಳು. ನಾನು ಅವಳನ್ನು ನೋಡಿದೆ. ಅವಳು ಮುಖ ಎತ್ತಲಿಲ್ಲ. ಒಂದೇ ಡಬ್ಬಕ್ಕೆ ಮೂರು ಚೀಟಿ ಅಂಟಿಸಿದಳು.

ಅಂದು ಮಧ್ಯಾಹ್ನ 1 ಗಂಟೆಯೊಳಗೆ ಮೊದಲ ಕೀಲಿಕೈಯನ್ನು ವಾಪಸು ಪಡೆಯಲು ದಂತವೈದ್ಯರು ಬಂದುಹೋದರೆಂದು ತಿಳಿಯಿತು. ಬುಧವಾರದ ಹೊತ್ತಿಗೆ ಹದಿನಾಲ್ಕೂ ಮೊಳೆ ಖಾಲಿ. ಯಾರೂ ನನ್ನನ್ನು ಏನೂ ಕೇಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ದಾರಿಯಲ್ಲಿ ಸಿಕ್ಕರೆ ಹವಾಮಾನದ ವಿಷಯ ಮಾತಾಡಿ, ಕೈಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡು ಹೋಗುತ್ತಿದ್ದರು.

ಭಾವನವರು ಟೀಚರಮ್ಮನಿಗೆ ಬೇರೊಂದು ಬೋರ್ಡು ಹಾಕಿಕೊಟ್ಟು ದೊಡ್ಡ ಮನುಷ್ಯ ಎನಿಸಿಕೊಂಡರು. ಪಿನ್ನು ಬಗ್ಗಿದ ಬೋರ್ಡು ಗುಜರಿಗೆ ಹೋಯಿತು. ನನ್ನ ಡಬ್ಬಿ, ಸ್ಕ್ರೂಡ್ರೈವರುಗಳು, ಊಟದ ಡಬ್ಬ ಎಲ್ಲವನ್ನೂ ಅಕ್ಕ ಒಂದು ಗೋಣಿಚೀಲದಲ್ಲಿ ಕಟ್ಟಿ ಮೂರು ವಾರದ ನಂತರ ಕಳಿಸಿದಳು. ಊಟದ ಡಬ್ಬ ತೊಳೆದಿತ್ತು. ಟೀಚರಮ್ಮನ ಮುಚ್ಚಳ ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆಯೇ ಇತ್ತು. ಆದರೆ ಬೋರ್ಡು ಎಲ್ಲಿದೆಯೆಂದು ಗೊತ್ತಿಲ್ಲದೆ ಬರೀ ಮುಚ್ಚಳ ಹಿಡಿದುಕೊಂಡು ಯಾರಿಗೆ ಏನು ಹೇಳುವುದು? ಆ ಮುಚ್ಚಳವನ್ನು ಅಂಗಿಯ ಎಡಗಡೆಯ ಜೇಬಿನಲ್ಲಿ ಇಟ್ಟುಕೊಂಡೆ. ಅಂದಿನಿಂದ ಅದು ಅಲ್ಲೇ ಇದೆ. ಎರಡು ಅಂಗಿ ಜೇಬಿನ ಹತ್ತಿರ ಹರಿದಿವೆ.

ಜೂನ್ 3, ಸೋಮವಾರದಿಂದ ನಾನು ಭಾವನವರ ಅಂಗಡಿಯ ನೇರ ಎದುರಿಗೆ, ಗಡಿಯಾರ ರಿಪೇರಿಯವರ ಜಗಲಿಯ ಮೇಲೆ, ನಾಲ್ಕು ಅಡಿ ಉದ್ದದ ಮೇಜು ಹಾಕಿಕೊಂಡು ಕೂರುತ್ತಿದ್ದೇನೆ. ಮೇಜಿನಿಂದ ಎರಡನೇ ಮೆಟ್ಟಿಲಿಗೆ 31 ಅಡಿ. ಇದನ್ನು ಪೊಲೀಸರೂ ಅಳೆದಿದ್ದಾರೆ, ನಾನು ಮೊದಲೇ ಅಳೆದಿದ್ದೆ. ರಟ್ಟಿನ ಮೇಲೆ ಹೀಗೆ ಬರೆದು ನಿಲ್ಲಿಸಿದ್ದೇನೆ: ‘ಎದುರು ಅಂಗಡಿಯಲ್ಲಿ ಕೊಂಡ ಕಂಪ್ಯೂಟರುಗಳನ್ನು ಪುಕ್ಕಟೆ ನೋಡಿಕೊಡಲಾಗುವುದು. ಯಾವ ಪ್ರೊಸೆಸರ್, ಯಾವ ಬೋರ್ಡು ಕೊಳ್ಳಬೇಕೆಂದು ಪುಕ್ಕಟೆ ಹೇಳಲಾಗುವುದು.’

ಠಾಣಾಧಿಕಾರಿ ಸಾಹೇಬರು ಇದನ್ನು ಸಾರ್ವಜನಿಕ ಸೇವೆಯ ಉದ್ದೇಶದಿಂದ ಮಾಡಿದೆಯಾ ಎಂದು ಕೇಳಿದರು. ಅಲ್ಲ. ಸೇಡಿನ ಉದ್ದೇಶದಿಂದ ಮಾಡಿದೆ. ರೈಟರ್ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದರು. ಸೇಡು ಎಂದೇ ಬರೆದುಕೊಳ್ಳಿ ಎಂದು ಮತ್ತೊಮ್ಮೆ ಹೇಳಿದೆ. ಬೇರೆಯವರು ಸೇಡಿಗೆ ಕಲ್ಲು ಎಸೆಯುತ್ತಾರೆ. ನಾನು ನಿಜ ಹೇಳುತ್ತಾ ಕೂತೆ. ಆ ಅಂಗಡಿಗೆ ಅದಕ್ಕಿಂತ ದೊಡ್ಡ ಕಲ್ಲಿಲ್ಲ.

ಮೊದಲ ವಾರ ಯಾರೂ ಬರಲಿಲ್ಲ. ಎಂಟನೇ ದಿನ ಟೀಚರಮ್ಮ ಬಂದು, “ಆವತ್ತೇ ನಾನು ಬಾಯಿ ಬಿಡಬೇಕಿತ್ತಪ್ಪಾ, ನಿನ್ನ ಚೀಟಿ ನಂಬ್ದೋಳು ನಿನ್ನ ಮಾತು ನಂಬ್ಲಿಲ್ಲ ನೋಡು” ಎಂದು ಹೇಳಿ ತಮ್ಮ ಕಂಪ್ಯೂಟರನ್ನು ಮೇಜಿನ ಮೇಲೆ ಇಟ್ಟರು. ಅವರನ್ನು ನೋಡಿ ಉಳಿದವರು ಬರತೊಡಗಿದರು. ಎಂಟು ತಿಂಗಳಲ್ಲಿ ಒಟ್ಟು 187 ಕಂಪ್ಯೂಟರುಗಳನ್ನು ಬಿಚ್ಚಿದ್ದೇನೆ. ಪ್ರತಿಯೊಂದರ ಬೋರ್ಡಿನ ಸಂಖ್ಯೆ ಓದಿದ್ದೇನೆ. 40917 ಎಲ್ಲಿದೆ ಎಂಬುದೊಂದೇ ನನಗೆ ಬೇಕಾಗಿತ್ತು. ಅದು ಸಿಕ್ಕ ದಿನ ಕಳ್ಳ ಯಾರೆಂದು ಬೋರ್ಡೇ ಹೇಳುತ್ತದೆ ಎಂಬ ಒಂದೇ ಆಸೆಗೆ ಬಿಸಿಲಲ್ಲಿ ಕೂತಿದ್ದೇನೆ. 187ರಲ್ಲಿ ಸಿಗಲಿಲ್ಲ. ಆದರೆ ಹುಡುಕುತ್ತಾ ಹೋದಾಗ ಬೇರೆ ಏನೇನೋ ಸಿಕ್ಕವು. ಹೊಸದೆಂದು ಮಾರಿದ ಹಳೆಯ ಬೋರ್ಡುಗಳು ಒಂಬತ್ತು. ಸಿಕ್ಕಿದ್ದನ್ನು ಆಯಾ ಕಂಪ್ಯೂಟರಿನವರಿಗೆ ತೋರಿಸಿದ್ದೇನೆ. ಅವರು 31 ಅಡಿ ದಾಟಿಹೋಗಿ ಕೇಳಿಕೊಂಡಿದ್ದಾರೆ. ಪ್ರತಿಯೊಬ್ಬರು ಮೆಟ್ಟಿಲು ಹತ್ತುವಾಗಲೂ ನನ್ನ ಹೊಟ್ಟೆ ತಣ್ಣಗಾಗಿದೆ.

ಇಂದು ಬೆಳಗ್ಗೆ 11 ಗಂಟೆ 5 ನಿಮಿಷಕ್ಕೆ ಒಬ್ಬ ಛಾಯಾಗ್ರಾಹಕರು ಅಂಗಡಿಯಿಂದ ಎರಡು ಡಬ್ಬ ಹಿಡಿದು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಡಬ್ಬ ಬಿಚ್ಚುವ ಮೊದಲೇ ಹೆಸರು ನೋಡಿ ಗೊತ್ತಾಯಿತು. ಹದಿನಾರು ಕೋರಿನ ಭಾರಿ ಪ್ರೊಸೆಸರ್, ಅದಕ್ಕೆ ಎಲ್ಲಕ್ಕಿಂತ ಅಗ್ಗದ ಬೋರ್ಡು. ಹೋರಿಗೆ ಮೇಕೆಯ ಹಗ್ಗ ಕಟ್ಟಿದಂತೆ. ಪ್ರೊಸೆಸರ್ ಕೇಳಿದಷ್ಟು ಕರೆಂಟು ಕೊಡಲಾರದೆ ಬೋರ್ಡು ಬಿಸಿಯಾಗಿ ಅದರ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ವಿವರಿಸಿದೆ. ಫೋಟೊ ಕೆಲಸಕ್ಕೆ ಎಂಟು ಕೋರು ತೆಗೆದುಕೊಂಡು ಬೋರ್ಡಿನಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹೋಗಿ, ಉಳಿದದ್ದರಲ್ಲಿ ರ‍್ಯಾಮ್ ಹಾಕಿಸಿ ಎಂದು ಚೀಟಿ ಬರೆದುಕೊಟ್ಟೆ. ಅವರು ಡಬ್ಬಗಳನ್ನು ಎತ್ತಿಕೊಂಡು ವಾಪಸು ಹೋದರು. ಈ ವಾರದಲ್ಲಿ ಹೀಗೆ ವಾಪಸು ಹೋದವರಲ್ಲಿ ಅವರು ಮೂರನೆಯವರು.

11 ಗಂಟೆ 32 ನಿಮಿಷಕ್ಕೆ ಭಾವನವರು ಬೀದಿ ದಾಟಿ ಬಂದರು. ನಾನು ಅವರ ಮನೆ ಮುರಿಯುತ್ತಿದ್ದೇನೆಂದೂ, ಅಕ್ಕನ ಮುಖ ನೋಡಿಯಾದರೂ ಬಿಡಬೇಕೆಂದೂ, ಇಲ್ಲವಾದರೆ ಕೈಕಾಲು ಇರುವುದಿಲ್ಲವೆಂದೂ ಹೇಳಿದರು. ಅಂದು ಅವರು ಕಳ್ಳ ಎಂದ ಮಾತನ್ನು ಅದೇ ಎರಡನೇ ಮೆಟ್ಟಿಲ ಮೇಲೆ ನಿಂತು, ಅಷ್ಟೇ ಗಟ್ಟಿಯಾಗಿ ವಾಪಸು ತೆಗೆದುಕೊಂಡರೆ ಮೇಜು ಎತ್ತುತ್ತೇನೆ ಎಂದೆ. ಈ ಮಾತನ್ನು ಹಿಂದೆಯೂ ಅಕ್ಕನ ಮೂಲಕ ಎರಡು ಬಾರಿ ಹೇಳಿ ಕಳಿಸಿದ್ದೆ. “ಕಳ್ಳನ್ನ ಕಳ್ಳ ಅನ್ನದೆ ಇನ್ನೇನು ಸಾಹುಕಾರ ಅನ್ಲಾ?” ಎಂದು ಭಾವನವರು ಕೇಳಿದರು. ಬಲಗಾಲಿನಿಂದ ಮೇಜನ್ನು ಒದ್ದರು.

ಮುಚ್ಚಳಗಳ ಡಬ್ಬಿ ಕೆಳಗೆ ಬಿದ್ದು ತೆರೆದುಕೊಂಡಿತು. ಹನ್ನೊಂದು ವರ್ಷದ ಮುಚ್ಚಳಗಳು, ಆರು ನೂರಕ್ಕೂ ಮೇಲೆ, ಬೀದಿಗೆ ಚೆಲ್ಲಿದವು. ಒಂದು ಬಸ್ಸು ನಿಂತಿತು. ನಾನು ಮೊಣಕಾಲೂರಿ ಆರಿಸತೊಡಗಿದೆ. ಆಗ ನನ್ನ ಎರಡೂ ಕೈ ನೆಲದ ಮೇಲಿದ್ದವು, ಕೈಯಲ್ಲಿ ಸ್ಕ್ರೂಡ್ರೈವರ್ ಇರಲಿಲ್ಲ, ಇದಕ್ಕೆ ಬಸ್ಸಿನ ಚಾಲಕರೂ ಗಡಿಯಾರ ರಿಪೇರಿಯವರೂ ಸಾಕ್ಷಿ. ಭಾವನವರು ಇನ್ನೊಮ್ಮೆ ಒದೆಯಲು ಮುಂದೆ ಬಂದು ಮುಚ್ಚಳಗಳ ರಾಶಿಯ ಮೇಲೆ ಕಾಲಿಟ್ಟರು. ಕಾಲು ಜಾರಿತು. ಮೊಣಕೈ ಜಗಲಿಯ ಅಂಚಿಗೆ ಬಡಿಯಿತು. ಗಾಯ ಆದದ್ದು ಹೀಗೆ. ಅವರು ಬಿದ್ದಾಗ ನನಗೆ ಸಂತೋಷವಾಯಿತು. ಎತ್ತಲು ಹೋಗಲಿಲ್ಲ. ಎತ್ತಿದವರು ಛಾಯಾಗ್ರಾಹಕರು.

1 ಗಂಟೆ 45 ನಿಮಿಷಕ್ಕೆ ನನ್ನನ್ನು ಠಾಣೆಗೆ ಕರೆತರಲಾಯಿತು. ಭಾವನವರು ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಕ್ಕನೊಂದಿಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಆ ಬೆಂಚು ಈ ಕೋಣೆಯ ಬಾಗಿಲಿನಿಂದ ಎಂಟು ಅಡಿ. ಬಾಗಿಲು ತೆರೆದಿದೆ. ನಾನು ಹೇಳುತ್ತಿರುವುದೆಲ್ಲ ಅವರಿಗೆ ಕೇಳಿಸುತ್ತಿದೆ. ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಈಗ ಸಮಯ 3 ಗಂಟೆ 50 ನಿಮಿಷ. ನನ್ನ ಹೇಳಿಕೆ ಇಲ್ಲಿಗೆ ಮುಗಿಯಬೇಕಿತ್ತು. ರೈಟರ್ ಕಂಪ್ಯೂಟರಿನಲ್ಲಿ ನೂರಾರು ಪುಟದ ಹಳೆಯ ಕಡತವೊಂದನ್ನು ತೆರೆದು, ನನ್ನ ವಿಳಾಸ ತಾಳೆ ನೋಡಿ, ಮುಚ್ಚಿ, ಮತ್ತೆ ಈ ಪುಟಕ್ಕೆ ಬಂದರು. ಅಷ್ಟಕ್ಕೆಲ್ಲ ಎರಡು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಮೇಜಿನ ಕೆಳಗೆ ನೋಡಿದರೆ ಕ್ಯಾಬಿನೆಟ್ಟು ಓಬೀರಾಯನ ಕಾಲದ್ದು, ಬಾಗಿಲಿಗೆ ದಾರ ಕಟ್ಟಿದೆ. ಹಳೆಯ ಮೈಯಲ್ಲಿ ಹೊಸ ಜೀವ ಇರುವುದು ನನ್ನ ಕಸುಬಿನವನಿಗೆ ತಿಳಿಯದೆ ಇರದು. ಒಳಗೆ ಏನು ಹಾಕಿಸಿದ್ದೀರಿ ಸ್ವಾಮಿ, ಜೋಡಿ ಚೆನ್ನಾಗಿ ಕೂಡಿದೆ ಎಂದೆ. ರೈಟರ್ ಸಂತೋಷಗೊಂಡು, “ಮೊದ್ಲು ಇದ್ದದ್ದು ಹೇಗಿತ್ತು ಗೊತ್ತಾ? ಒಂದು ಹೇಳಿಕೆ ಟೈಪ್ ಮಾಡೋಷ್ಟ್ರಲ್ಲಿ ವಾದಿ ಪ್ರತಿವಾದಿ ಇಬ್ರೂ ರಾಜಿಯಾಗಿ ಮನೆಗೆ ಹೋಗ್ತಿದ್ರು” ಎಂದರು. ಯಾವಾಗ ಬದಲಿಸಿದ್ದು ಎಂದು ಕೇಳಿದೆ. ಅವರು ಕಡತ ನೋಡಿ, ಕಳೆದ ವರ್ಷ ಮಾರ್ಚ್ 7, ಗುರುವಾರ, ದೂರುದಾರರ ಅಂಗಡಿಯಿಂದಲೇ, ತುರ್ತಾಗಿ ಬೇಕೆಂದು ಸಾಹೇಬರು ಹೇಳಿದ್ದರಿಂದ ಎರಡೇ ದಿನದಲ್ಲಿ ಹಾಕಿಕೊಟ್ಟರು ಎಂದು ತಿಳಿಸಿದರು.

ಹೊರಗಿನ ಬೆಂಚು ಕಿರ್ ಎಂದ ಶಬ್ದ ನನಗೆ ಕೇಳಿಸಿತು. ಭಾವನವರು ಎದ್ದು ನಿಂತು, ಕೈ ನೋಯುತ್ತಿದೆ, ಮನೆಗೆ ಹೋಗುತ್ತೇನೆ, ದೂರನ್ನು ನಾಳೆ ನೋಡೋಣ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇದೆ. ಇಲ್ಲಿ ಯಾರೂ ಕುಂಬಳಕಾಯಿ ಎಂದಿರಲೂ ಇಲ್ಲ. ಸಾಹೇಬರು ಅವರನ್ನು ಕೂರಲು ಹೇಳಿದರು.

ನಾನು ಜೇಬಿನಿಂದ ಮುಚ್ಚಳ ತೆಗೆದು ಸಾಹೇಬರ ಕೈಗೆ ಕೊಟ್ಟೆ. ಕ್ಯಾಬಿನೆಟ್ ಬಿಚ್ಚಲು ಅಪ್ಪಣೆ ಕೇಳಿದೆ. ನಾನು ಮುಟ್ಟುವುದಿಲ್ಲ, ಮುಟ್ಟಿದರೆ ಮತ್ತೆ ಕಳ್ಳ ಎನ್ನುತ್ತಾರೆ, ರೈಟರೇ ದಾರ ಬಿಚ್ಚಲಿ ಎಂದೆ. ಕಂಪ್ಯೂಟರನ್ನು ಆರಿಸದೆಯೇ ರೈಟರ್ ನೆಲದ ಮೇಲೆ ಕೂತು ಬಾಗಿಲು ತೆಗೆದರು. ಕರೆಂಟಿನ ಕೇಬಲ್ ಚುಚ್ಚುವ ಉದ್ದನೆಯ ಕಟ್ಟೆಯ ಪಕ್ಕದಲ್ಲಿ ಬಿಳಿ ಚೀಟಿ ಇರುತ್ತದೆ, ಅದರ ಕೊನೆಯ ಐದು ಅಂಕಿ ಓದಿ ಎಂದು ನಾನು ನಿಂತಲ್ಲಿಂದಲೇ ಹೇಳಿದೆ. ಅವರು ಟಾರ್ಚು ಹಾಕಿ ಓದಿದರು. ನಾಲ್ಕು. ಸೊನ್ನೆ. ಒಂಬತ್ತು. ಒಂದು. ಏಳು. ಸಾಹೇಬರು ಮುಚ್ಚಳದ ಒಳಗೆ ನೋಡಿದರು. ಇನ್ನೊಮ್ಮೆ ಓದಲು ಹೇಳಿದರು. ರೈಟರ್ ಇನ್ನೊಮ್ಮೆ ಓದಿದರು. ಆಗ ಸಮಯ 4 ಗಂಟೆ 5 ನಿಮಿಷ.

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತಲ್ರೀ” ಎಂದು ಸಾಹೇಬರು ಹೇಳಿದರು. ಮಧ್ಯಾಹ್ನ 2 ಗಂಟೆ 10 ನಿಮಿಷದಿಂದ ನನ್ನ ಕಾಲಿನಿಂದ ಒಂದೂವರೆ ಅಡಿ ದೂರದಲ್ಲಿ ಅದು ಓಡುತ್ತಿತ್ತು. ನಾನು ಕಳ್ಳನಲ್ಲ ಎಂದು ನಾನು ಹೇಳಿದ ಪ್ರತಿ ಅಕ್ಷರವೂ ಅದರ ಮೂಲಕವೇ ಹಾದುಹೋಗಿದೆ.

ಭಾವನವರು ಮೊದಲು ನೆನಪಿಲ್ಲ ಎಂದರು. ನಂತರ, ಮಾಲು ಬರಲು ಎರಡು ವಾರ ತಡವಿತ್ತು, ಠಾಣೆಯ ಕೆಲಸ ತುರ್ತು, ಟೀಚರಮ್ಮನ ಬೋರ್ಡು ತೆಗೆದು ಇಲ್ಲಿ ಹಾಕಿದೆ, ಹೊಸ ಮಾಲು ಬಂದಾಗ ಸರಿಮಾಡುವ ಯೋಚನೆ ಇತ್ತು ಎಂದರು. ಬಗ್ಗಿದ ಪಿನ್ನಿನ ಬೋರ್ಡು ಹಾಕಿಕೊಟ್ಟದ್ದೇಕೆ ಎಂದು ಸಾಹೇಬರು ಕೇಳಿದ್ದಕ್ಕೆ ಭಾವನವರು ಕೈಯ ಪಟ್ಟಿ ಸರಿಮಾಡಿಕೊಂಡರು. ಉತ್ತರ ನಾನು ಹೇಳುತ್ತೇನೆ. ಪೊಲೀಸರಿಗೆ ಕೆಟ್ಟ ಮಾಲು ಕೊಡಲು ಧೈರ್ಯ ಬೇಕು. ಟೀಚರಮ್ಮನಿಗೆ ಕೊಡಲು ಧೈರ್ಯ ಬೇಡ, ನನ್ನ ಸಹಿಯ ಚೀಟಿ ಇದ್ದರೆ ಸಾಕು.

ಆಗ ಅಕ್ಕ, ಯಾರೂ ಏನೂ ಕೇಳದೆ, ಕೂತಲ್ಲಿಂದಲೇ, “ನಂಗೆ ಗೊತ್ತಿತ್ತು” ಎಂದಳು. ನಾನು ಕಾರ್ಖಾನೆಗೆ ಹೋಗಿದ್ದ ಆ ಬುಧವಾರ ಠಾಣೆಗೆ ಕಳಿಸುವ ಬೋರ್ಡನ್ನು ಡಬ್ಬಕ್ಕೆ ಹಾಕಿ ಕಟ್ಟಿದ್ದು ತಾನೇ ಎಂದೂ, ಮೂರು ವಾರದ ನಂತರ ಗೋಣಿಚೀಲ ಕಟ್ಟುವಾಗ ಟೀಚರಮ್ಮನ ಮುಚ್ಚಳವನ್ನು ಹುಡುಕಿ ಎಲ್ಲಕ್ಕಿಂತ ಮೇಲೆ ಇಟ್ಟದ್ದೂ ತಾನೇ ಎಂದೂ, ಬಾಯಲ್ಲಿ ಹೇಳಲು ಆಗದೆ ಅಷ್ಟು ಮಾಡಿದೆನೆಂದೂ ಹೇಳಿದಳು. ಇದನ್ನು ಬರೆದುಕೊಳ್ಳುವುದು ಬೇಡ ಎಂದು ನಾನು ರೈಟರಿಗೆ ಹೇಳಿದೆ. ಅವರು ಬರೆದುಕೊಂಡಿದ್ದಾರೆ. ಅಕ್ಕನನ್ನು ಕ್ಷಮಿಸುತ್ತೀಯಾ ಎಂದು ಸಾಹೇಬರು ಕೇಳಿದರು. ಅದು ಈ ದೂರಿಗೆ ಸಂಬಂಧಪಟ್ಟ ವಿಷಯವಲ್ಲ ಎಂದೆ.

4 ಗಂಟೆ 25 ನಿಮಿಷಕ್ಕೆ ಭಾವನವರು ದೂರು ವಾಪಸು ಪಡೆಯುವುದಾಗಿಯೂ, ಇಲ್ಲೇ, ಈ ಕೋಣೆಯಲ್ಲೇ, ಬಾಗಿಲು ಮುಚ್ಚಿ ನನ್ನ ಕೈ ಹಿಡಿದು ತಪ್ಪಾಯಿತು ಎನ್ನುವುದಾಗಿಯೂ ಸಾಹೇಬರ ಮೂಲಕ ಹೇಳಿಸಿದರು. ಮನೆಯವರು ಮನೆಯವರಾಗಿ ಮುಗಿಸಿಕೊಳ್ಳಿ ಎಂದು ಸಾಹೇಬರೂ ಒಳ್ಳೆಯ ಮಾತಿನಲ್ಲಿ ಹೇಳಿದರು. ನಾನು ಒಪ್ಪಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನಗೆ ಆನೆ ಬೇಡ. ನನ್ನ ಮಾನ ಹೋದದ್ದು ಬೀದಿಯಲ್ಲಿ, ಒಂಬತ್ತು ಜನರ ಎದುರಿಗೆ. ಅದು ಬೀದಿಯಲ್ಲೇ ಬರಬೇಕು. ಶನಿವಾರ ಬೆಳಗ್ಗೆ 11 ಗಂಟೆ 20 ನಿಮಿಷ, ಎರಡನೇ ಮೆಟ್ಟಿಲು. ಕಳ್ಳ ಎಂಬ ಪದವನ್ನು ಎರಡು ಬಾರಿ ಹೇಳಿದ್ದರಿಂದ ಅಲ್ಲ ಎಂಬುದನ್ನೂ ಎರಡು ಬಾರಿ ಹೇಳಬೇಕು. ಆ ಒಂಬತ್ತು ಜನರನ್ನೂ ಹದಿನಾಲ್ಕು ಕೀಲಿಕೈಯವರನ್ನೂ ನಾನೇ ಮನೆಮನೆಗೆ ಹೋಗಿ ಕರೆಯುತ್ತೇನೆ. ಹಾಗೆ ಹೇಳಿದ ಮೇಲೂ ಬೋರ್ಡಿನ ವಿಷಯದಲ್ಲಿ ಕೇಸು ನಡೆಯಲಿ. ನಾನು ಕರುಣೆ ತೋರಿಸುವುದಿಲ್ಲ, ತೋರಿಸಬೇಕೆಂದು ಅನಿಸುತ್ತಲೂ ಇಲ್ಲ.

4 ಗಂಟೆ 40 ನಿಮಿಷಕ್ಕೆ ಸದರಿ ಮದರ್‌ಬೋರ್ಡನ್ನು ಸಾಕ್ಷ್ಯವೆಂದು ವಶಕ್ಕೆ ಪಡೆಯಬೇಕಾದ್ದರಿಂದ ಕಂಪ್ಯೂಟರನ್ನು ಆರಿಸಲಾಗಿದೆ. ಅದಕ್ಕೆ ಮೊದಲು ಇಷ್ಟರವರೆಗಿನದನ್ನು ಮುದ್ರಿಸಲಾಗಿದೆ. ಈ ಪ್ಯಾರಾದಿಂದ ಮುಂದಿನದು ರೈಟರ್ ಅವರ ಕೈಬರಹ.

ಠಾಣೆಗೆ ಇನ್ನು ಯಾವುದು ಹಾಕಿಸುವುದು ಎಂದು ಸಾಹೇಬರು ನನ್ನನ್ನೇ ಕೇಳಿದರು. ಟೈಪ್ ಮಾಡಲು ಮತ್ತು ಕಡತ ನೋಡಲು ನಾಲ್ಕು ಕೋರಿನ ಪ್ರೊಸೆಸರ್, ಚಿಕ್ಕ ಗಟ್ಟಿ ಬೋರ್ಡು ಸಾಕು, ದೀಪ ಬೇಡ, ಈಗಿರುವ ರ‍್ಯಾಮೇ ಕೂರುತ್ತದೆ ಎಂದು ಚೀಟಿ ಬರೆದುಕೊಟ್ಟೆ. ಮಾಲನ್ನು ಬೇರೆ ಪೇಟೆಯಿಂದ ತರಿಸುತ್ತಾರಂತೆ. ನಾಡಿದ್ದು ಬೆಳಗ್ಗೆ 8ಕ್ಕೆ, ರೈಟರ್ ಬರುವ ಮೊದಲೇ ಬಂದು ಹಾಕಿಕೊಡಲು ಸಾಹೇಬರು ಹೇಳಿದರು. ಕೋಣೆ ಬೀಗ ಹಾಕಿರುತ್ತದಲ್ಲ ಎಂದೆ. ಸಾಹೇಬರು ಮೇಜಿನ ಖಾನೆ ಎಳೆದು ಈ ಕೋಣೆಯ ಕೀಲಿಕೈ ತೆಗೆದು ನನಗೆ ಕೊಟ್ಟರು. ಹೊರಗಿನ ಬೆಂಚಿನ ಮೇಲಿದ್ದ ಇಬ್ಬರೂ ಇದನ್ನು ನೋಡಿದರು. ಮುಚ್ಚಳ ಇದ್ದ ಜೇಬು ಖಾಲಿಯಾಗಿದ್ದರಿಂದ ಕೀಲಿಕೈಯನ್ನು ಅದರಲ್ಲಿ ಹಾಕಿಕೊಂಡಿದ್ದೇನೆ. ಹೊಸ ಬೋರ್ಡಿನ ಮುಚ್ಚಳವನ್ನು ನಾನೇ ಇಟ್ಟುಕೊಳ್ಳುತ್ತೇನೆ ಎಂದು ಮೊದಲೇ ತಿಳಿಸಿದ್ದೇನೆ.

ಮೇಲಿನದನ್ನು ನನಗೆ ಎರಡು ಬಾರಿ ಓದಿ ಹೇಳಲಾಯಿತು. ಒಂದು ಅಂಕಿ, ಒಂದು ನಿಮಿಷ, ಒಂದು ಅಡಿಯೂ ಹೆಚ್ಚುಕಡಿಮೆ ಇಲ್ಲ. ಸೇಡು ಎಂಬ ಪದವನ್ನು ಬರೆದ ಕಡೆಯಲ್ಲೆಲ್ಲ ಹಾಗೆಯೇ ಬಿಟ್ಟಿದ್ದಾರೆ. ಇಷ್ಟೂ ನಿಜವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ರೈಟರ್ ಕೋಣೆ
ದಿನಾಂಕ: 11-02-2025, ಸಂಜೆ 5 ಗಂಟೆ 15 ನಿಮಿಷ

ಹೇಳಿಕೆ ಕೊಟ್ಟವನ ರುಜು (ಮುಚ್ಚಳ)

ವಶಕ್ಕೆ ಪಡೆದದ್ದು: ಮದರ್‌ಬೋರ್ಡ್ ಒಂದು, ಕೊನೆಯ ಅಂಕಿಗಳು 40917. ಅದರ ಮುಚ್ಚಳ ಒಂದು, ಒಳಮೈಯಲ್ಲಿ ‘ಟೀಚರಮ್ಮ’ ಎಂಬ ಬರಹ.
ಹೇಳಿಕೆದಾರರಿಗೆ ಕೊಟ್ಟದ್ದು: ಕೀಲಿಕೈ ಒಂದು.